ಪಾಪಾ ಹಣ್ಣಿನ ಪೂರ್ವೋತ್ತರ

ಹಣ್ಣುಗಳಿಗೂ ಚರಿತ್ರೆಯುಂಟು. ಅರಸರ ವಂಶಾವಳಿಯಂತೆ ಅದನ್ನು ಯಾರೂ ಶಾಸನಗಳಲ್ಲಿ ಕೆತ್ತಿಸಿಲ್ಲ. ಹೆಸರುಗಳಲ್ಲಿ, ಹಿತ್ತಲುಗಳಲ್ಲಿ, ಹಸಿದವರ ದಿನಚರಿಗಳಲ್ಲಿ ಅದು ಚದುರಿ ಬಿದ್ದಿರುತ್ತದೆ. ಅಂಥದೊಂದು ಹಣ್ಣಿನ ಚರಿತ್ರೆಯನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ಹಣ್ಣಿನ ಹೆಸರು ಪಾಪಾ. ನಮ್ಮ ಕಿವಿಗೆ ಇದು ಕನಿಕರದ ಉದ್ಗಾರದಂತೆ ಕೇಳಿಸುತ್ತದೆ. ಕಥೆಯನ್ನು ಪೂರ್ತಿ ಕೇಳಿದ ಮೇಲೆ ಆ ಉದ್ಗಾರ ಅಷ್ಟೇನೂ ಅಸಂಗತವಲ್ಲವೆಂದು ತಮಗೂ ತೋರಬಹುದು.

ನಾನು ಈ ಹಣ್ಣಿನ ಮರವನ್ನು ಮೊದಲು ಕಂಡದ್ದು 2018ರ ಏಪ್ರಿಲ್ ತಿಂಗಳಲ್ಲಿ, ಅಮೆರಿಕದ ಒಹಾಯೋ ರಾಜ್ಯದಲ್ಲಿರುವ ನನ್ನ ಮಗಳ ಮನೆಯ ಹಿತ್ತಲಲ್ಲಿ. ಕನ್ನಡ ಪಾಠ ಹೇಳುವ ಕೆಲಸದಿಂದ ನಿವೃತ್ತನಾಗಿ ಒಂದು ವರ್ಷವಾಗಿತ್ತು. ಚಳಿಗಾಲ ಇನ್ನೂ ಪೂರ್ತಿಯಾಗಿ ಕಾಲ್ತೆಗೆದಿರಲಿಲ್ಲ. ಆಳಿಗಿಂತ ಒಂದೂವರೆ ಪಟ್ಟು ಎತ್ತರದ ಒಂದು ಮರ, ಮೈಮೇಲೆ ಒಂದೆಲೆಯೂ ಇಲ್ಲದೆ, ಬರಿಯ ಕೊಂಬೆಗಳಿಗೆ ಕಡುಗೆಂಪು ಬಣ್ಣದ ಹೂಗಳನ್ನು ತಲೆಕೆಳಗಾಗಿ ತೂಗುಹಾಕಿಕೊಂಡು ನಿಂತಿತ್ತು. ಹತ್ತಿರ ಹೋಗಿ ಮೂಸಿದೆ. ಹಳಸಿದ ಹಿಟ್ಟಿನದೋ ಮಾಂಸದ್ದೋ ಎನ್ನುವಂಥ ಸಣ್ಣ ನಾತ.

“ಇದು ನಮ್ಮ ಸೀತಾಫಲದ ನಂಟನಂತೆ ಅಪ್ಪ” ಎಂದಳು ಮಗಳು. “ಅದಕ್ಕೇ ತಂದು ನೆಟ್ಟೆ. ಏಳು ವರ್ಷವಾಯಿತು. ಮೂರು ವರ್ಷದಿಂದ ಹೂವೇನೋ ಬಿಡುತ್ತದೆ, ಒಂದು ಕಾಯಿಯೂ ಕಚ್ಚಲಿಲ್ಲ. ಈ ವರ್ಷವೂ ಬಿಡದಿದ್ದರೆ ತೆಗೆಸಿಬಿಡುತ್ತೇವೆ. ಮಕ್ಕಳಿಗೆ ಉಯ್ಯಾಲೆ ಹಾಕಲು ಜಾಗವಾಗುತ್ತದೆ.”

‘ತೆಗೆಸಿಬಿಡುತ್ತೇವೆ’ ಎಂಬ ಆ ಮಾತು ನನಗೆ ನಾಟಿತು. ಅದಕ್ಕೆ ಕಾರಣವಿತ್ತು. ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಹಿಂದೆ ಒಂದು ಸೀತಾಫಲದ ಮರವಿತ್ತು. ಪುಸ್ತಕಗಳನ್ನಿಡಲು ಒಂದು ಕೋಣೆ ಕಟ್ಟಿಸಬೇಕೆಂದು ನಾನು ಅದನ್ನು ಕಡಿಸಿದೆ. ಆಗ ಮಗಳಿಗೆ ಹತ್ತು ವರ್ಷ. ಶಾಲೆಯಿಂದ ಬಂದವಳು ಬುಡವನ್ನು ನೋಡಿ, “ಮರ ಎಲ್ಲಿ?” ಎಂದು ಕೇಳಿದಳು. “ತೆಗೆಸಿಬಿಟ್ಟೆ” ಎಂದೆ. ಎರಡು ದಿನ ಅವಳು ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಮಾತನಾಡಿದಳು. ಮರದ ವಿಷಯವನ್ನು ಮಾತ್ರ ಮತ್ತೆಂದೂ ಎತ್ತಲಿಲ್ಲ. ನಾನು ಅದು ಮರೆತುಹೋಯಿತೆಂದು ತಿಳಿದಿದ್ದೆ. ಹನ್ನೆರಡು ಸಾವಿರ ಕಿಲೋಮೀಟರಿಗೂ ಆಚೆ, ಹಿಮ ಬೀಳುವ ದೇಶದಲ್ಲಿ, ಸೀತಾಫಲದ ನಂಟನೊಬ್ಬನನ್ನು ಹುಡುಕಿ ತಂದು ಅವಳು ನೆಟ್ಟಿರುವುದನ್ನು ನೋಡಿದಾಗ ಮರೆತವನು ನಾನೊಬ್ಬನೇ ಎಂದು ಅರಿವಾಯಿತು. ಆ ಆರು ತಿಂಗಳು ನನಗೆ ಬೇರೆ ಕೆಲಸವಿರಲಿಲ್ಲ. ಈ ಮರ ಏಕೆ ಫಲ ಕೊಡುತ್ತಿಲ್ಲವೆಂದು ತಿಳಿಯಲು ಹೊರಟೆ. ಊರಿನ ಗ್ರಂಥಾಲಯದಲ್ಲಿ ಕುಳಿತೆ. ಒಂದು ಮರದ ಕಥೆ ಒಂದು ಖಂಡದ ಕಥೆಯಾಗಿ ಬಿಚ್ಚಿಕೊಂಡಿತು.

ಮೊದಲು ಹೆಸರಿನ ವಿಚಾರ. ಇಂಗ್ಲಿಷ್ ನುಡಿಯುವ ಹಲವು ದೇಶಗಳಲ್ಲಿ ನಮ್ಮ ಪರಂಗಿ ಹಣ್ಣಿಗೂ ಪಾಪಾ ಎಂಬ ಹೆಸರೇ ಇದೆ. ಆದರೆ ಪರಂಗಿ ಬೇರೆ, ಇದು ಬೇರೆ; ಎರಡಕ್ಕೂ ಕುಲಸಂಬಂಧವಿಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತೈನೋ ಜನರ ಮಾತಿನಿಂದ ಸ್ಪೇನಿನವರು ಪರಂಗಿಯ ಹೆಸರನ್ನು ಎತ್ತಿಕೊಂಡರು; ಅದು ಪಪಾಯ ಎಂದಾಯಿತು. ಬಳಿಕ ಉತ್ತರ ಅಮೆರಿಕದ ಕಾಡುಗಳಿಗೆ ಬಂದ ಇಂಗ್ಲಿಷರು, ಹಸಿರು ಸಿಪ್ಪೆಯ, ಹಳದಿ ತಿರುಳಿನ, ಮೆತ್ತನೆಯ ಇನ್ನೊಂದು ಹಣ್ಣನ್ನು ಕಂಡು, ಕೇಳಿ ಗೊತ್ತಿದ್ದ ಆ ಹೆಸರನ್ನೇ ಇದರ ಕೊರಳಿಗೂ ಕಟ್ಟಿದರು. ಹೊಸದನ್ನು ಹಳೆಯ ಹೆಸರಿನಿಂದ ಪಳಗಿಸಿಕೊಳ್ಳುವುದು ಮನುಷ್ಯನ ಸ್ವಭಾವ. ನಾವೂ ಸೀಮೆಬದನೆ, ಸೀಮೆಹುಣಸೆ ಎಂದೆವಲ್ಲ! ಬದನೆಗೂ ಸೀಮೆಬದನೆಗೂ ಏನು ನಂಟು?

ಪರಂಗಿ ನಮ್ಮಲ್ಲಿಗೆ ಬಂದ ದಾರಿಯೂ ಇಂಥದೇ. ಲಿನ್‌ಸ್ಖೋಟೆನ್ ಎಂಬ ಡಚ್ ಪ್ರವಾಸಿ 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದ. 1596ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಈ ಹಣ್ಣು ಸ್ಪೇನಿನವರ ಅಮೆರಿಕದಿಂದ ಫಿಲಿಪ್ಪೀನ್ಸಿಗೂ, ಅಲ್ಲಿಂದ ಮಲಕ್ಕಾಕ್ಕೂ, ಮಲಕ್ಕಾದಿಂದ ಇಂಡಿಯಾಕ್ಕೂ ಬಂದಿತೆಂದು ಬರೆದಿದ್ದಾನೆ. ಪಡುವಣ ಗೋಳದ ಹಣ್ಣು ಮೂಡಣ ಸಮುದ್ರದಿಂದ ನಮ್ಮನ್ನು ಮುಟ್ಟಿತು. ನಮ್ಮವರು ಎರಡು ಬಗೆಯಲ್ಲಿ ಹೆಸರಿಟ್ಟರು. ಕೆಲವರು ಬಂದ ಹೆಸರನ್ನೇ ಬಾಯಿಗೆ ಒಗ್ಗಿಸಿಕೊಂಡು ಪಪ್ಪಾಯಿ ಎಂದರು. ಕರಾವಳಿಯಲ್ಲಿ ಅದು ಬಪ್ಪಂಗಾಯಿಯಾಯಿತು. ಉಳಿದವರು ತಂದವರ ಹೆಸರನ್ನೇ ಹಣ್ಣಿಗಿಟ್ಟು ಪರಂಗಿ ಎಂದರು. ಫ್ರಾಂಕರು ಎಂಬ ಯೂರೋಪಿನ ಜನಾಂಗದ ಹೆಸರು ಅರಬರ, ಪಾರಸಿಕರ ಬಾಯಿಯಲ್ಲಿ ಫರಂಗಿಯಾಗಿ, ನಮ್ಮ ಬಾಯಿಯಲ್ಲಿ ಪರಂಗಿಯಾಗಿ, ಕೊನೆಗೆ ಹಿತ್ತಲಿನ ಒಂದು ಮರದ ಮೇಲೆ ಬಂದು ನಿಂತಿತು. ಈ ಒಂದು ಪದದಲ್ಲಿ ಎಷ್ಟು ಸಾಮ್ರಾಜ್ಯಗಳ ದಾರಿಸವೆತವಿದೆಯೆಂಬುದನ್ನು ಹಣ್ಣನ್ನು ಕೊಯ್ಯುವಾಗ ಯಾರು ನೆನೆಯುತ್ತಾರೆ?

ಸೀತಾಫಲದ ಸಂಗತಿ ಇನ್ನೂ ವಿಚಿತ್ರ. ಸೀತಾಫಲ, ರಾಮಫಲಗಳೂ ಅಮೆರಿಕ ಖಂಡದ ಉಷ್ಣಪ್ರದೇಶಗಳ ಮರಗಳೇ. ಭಾರ್ಹುತದ ಶಿಲ್ಪಗಳಲ್ಲಿ ಸೀತಾಫಲವನ್ನು ಗುರುತಿಸಿದೆವೆಂದು ವಾದಿಸಿದ ವಿದ್ವಾಂಸರೂ ಉಂಟು. ಆದರೆ ಅದರ ನಂಟರಿಷ್ಟರೆಲ್ಲ ಇರುವುದು ಅಮೆರಿಕದಲ್ಲಿ. ನಮ್ಮ ಜನ ಈ ಹಣ್ಣುಗಳಿಗೆ ಪರಂಗಿಯಂತೆ ಪರಕೀಯರ ಹೆಸರನ್ನಿಡಲಿಲ್ಲ. ರಾಮಾಯಣದ ಹೆಸರನ್ನಿಟ್ಟು ಮನೆಯೊಳಕ್ಕೆ ಕರೆದುಕೊಂಡರು. ಹೆಸರೊಂದು ಸಾಕು, ಹೊರಗಿನದು ಒಳಗಿನದಾಗುತ್ತದೆ. ಅದೇ ಹೆಸರಿನಿಂದ ಒಳಗಿನದು ಹೊರಗಿನದೂ ಆಗಬಹುದು. ಪಾಪಾ ಹಣ್ಣಿಗೆ ಆದದ್ದು ಈ ಎರಡನೆಯದು. ಅದರ ಸ್ವಂತ ಹೆಸರು ಬೇರೆ ಇತ್ತು. ಆ ನೆಲದ ಮೂಲನಿವಾಸಿಗಳು ಅಸ್ಸಿಮಿನ್ ಎಂಬುದಕ್ಕೆ ಸಮೀಪವಾದ ಪದದಿಂದ ಅದನ್ನು ಕರೆಯುತ್ತಿದ್ದರು. ಫ್ರೆಂಚರು ಅದನ್ನು ಅಸಿಮಿನಿಯೇ ಎಂದು ತಿದ್ದಿದರು. ಸಸ್ಯಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದ ಲಿನೇಯಸನು 1753ರಲ್ಲಿ ಇದನ್ನು ಸೀತಾಫಲದ ಪಂಗಡಕ್ಕೇ ಸೇರಿಸಿ ಅನೋನ ಎಂದ. ಹತ್ತು ವರ್ಷಗಳ ಬಳಿಕ, 1763ರಲ್ಲಿ, ಅಡಾನ್ಸನ್ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ಬೇರೆ ಪಂಗಡವಾಗಿ ಎಣಿಸಿ ಅಸಿಮಿನ ಎಂಬ ಹೆಸರನ್ನು ಕೊಟ್ಟ. ಹೀಗೆ ಮೂಲನಿವಾಸಿಗಳ ಪದ ಜನರ ನಾಲಗೆಯಿಂದ ಜಾರಿ ವಿಜ್ಞಾನಿಗಳ ಪುಟದಲ್ಲಿ ಉಳಿಯಿತು.

ಸೀತಾಫಲದ ಕುಟುಂಬ ಬಹು ದೊಡ್ಡದು. ಹೆಚ್ಚುಕಡಮೆ ಎಲ್ಲ ಸದಸ್ಯರೂ ಬಿಸಿಲ ನಾಡಿನವರು. ಹಿಮವನ್ನು ಸಹಿಸಲು ಕಲಿತ ಶಾಖೆ ಈ ಅಸಿಮಿನದ್ದು. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಾರ್ಧದಲ್ಲಿ, ಕೆನಡಾದ ತೆಂಕಣ ಅಂಚಿನವರೆಗೆ, ಹೊಳೆದಂಡೆಗಳ ತಗ್ಗಿನಲ್ಲಿ, ದೊಡ್ಡ ಮರಗಳ ನೆರಳಲ್ಲಿ ಇದು ಬೆಳೆಯುತ್ತದೆ. ಬಾಳೆ ಕಂದು ಹಾಕುವಂತೆ ಬೇರಿನಿಂದಲೇ ಮರಿಗಳನ್ನೆಬ್ಬಿಸಿ ಒಂದು ಮರ ಒಂದು ತೋಪಾಗುತ್ತದೆ. ಆ ದೇಶದ ನೆಲದಲ್ಲೇ ಹುಟ್ಟಿದ ತಿನ್ನುವ ಹಣ್ಣುಗಳಲ್ಲೆಲ್ಲ ಇದೇ ದೊಡ್ಡದು. ಒಂದೊಂದು ಅರ್ಧ ಕಿಲೋ ಹತ್ತಿರ ತೂಗುವುದುಂಟು. ಇಷ್ಟು ದೊಡ್ಡ ಹಣ್ಣನ್ನೂ ಅದರೊಳಗಿನ ಅವರೆಕಾಳಿಗಿಂತ ದಪ್ಪನೆಯ ಬೀಜವನ್ನೂ ನುಂಗಿ ಹರಡುತ್ತಿದ್ದವು ಯಾವ ಪ್ರಾಣಿಗಳು? ಆನೆಯ ಸಂಬಂಧಿಯಾದ ಮ್ಯಾಸ್ಟೊಡಾನ್, ದೈತ್ಯಾಕಾರದ ನೆಲದ ಸ್ಲಾತ್ ಮುಂತಾದ, ಈಗ ಅಳಿದುಹೋಗಿರುವ ಪ್ರಾಣಿಗಳು ಎಂಬುದು ಕೆಲವು ವಿಜ್ಞಾನಿಗಳ ಊಹೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅವು ಕಣ್ಮರೆಯಾದವು. ಆ ಮೇಲೆ ಬೀಜವನ್ನು ಹೊತ್ತು ನಡೆದವನು ಮನುಷ್ಯ.

ಆ ಮನುಷ್ಯರ ಸುಳಿವು ನಮಗೆ ಮೊದಲು ದೊರೆಯುವುದು ಅವರನ್ನು ಸುಲಿಯಲು ಬಂದವರ ಬರಹದಲ್ಲಿ. ಸ್ಪೇನಿನ ದೆ ಸೋತೋ ಚಿನ್ನವನ್ನರಸುತ್ತ 1539ರಲ್ಲಿ ಫ್ಲಾರಿಡಾದ ದಡದಲ್ಲಿಳಿದು, ಮಿಸಿಸಿಪ್ಪಿ ನದಿಯ ಸೀಮೆಯವರೆಗೆ ನುಗ್ಗಿದ. 1541ರ ಸುಮಾರಿಗೆ ಅವನ ತಂಡ ಕಂಡ, ಅಲ್ಲಿಯ ಜನ ಬೆಳೆಸುತ್ತಿದ್ದ ಒಂದು ಸುವಾಸನೆಯ ಹಣ್ಣು ಈ ಪಾಪಾವೇ ಎಂದು ಕೆಲವರು ಗುರುತಿಸುತ್ತಾರೆ. ಚಿನ್ನ ಸಿಗಲಿಲ್ಲ. ದೆ ಸೋತೋ 1542ರಲ್ಲಿ ಆ ನದಿಯ ದಂಡೆಯಲ್ಲೇ ಸತ್ತ.

ಒಹಾಯೋ ಸೀಮೆಯಲ್ಲಿ ನೆಲೆಸಿದ್ದ ಶಾನೀ ಜನ ಸೆಪ್ಟೆಂಬರಿಗೆ ಸಮನಾದ ತಮ್ಮ ತಿಂಗಳನ್ನು ‘ಪಾಪಾ ಹಣ್ಣಿನ ಚಂದ್ರ’ ಎಂದು ಕರೆಯುತ್ತಿದ್ದರು. ಒಂದು ಹಣ್ಣಿಗೆ ಪಂಚಾಂಗದಲ್ಲಿ ಒಂದು ತಿಂಗಳನ್ನೇ ಬಿಟ್ಟುಕೊಡಬೇಕಾದರೆ ಅದು ಬಾಯಿರುಚಿಯ ಮಾತಷ್ಟೇ ಆಗಿರಲಾರದು. ಮರದ ಒಳತೊಗಟೆಯ ನಾರಿನಿಂದ ಆ ಸೀಮೆಯ ಜನ ಹಗ್ಗ ಹೊಸೆಯುತ್ತಿದ್ದರು, ಚಾಪೆ ಹೆಣೆಯುತ್ತಿದ್ದರು, ಮೀನಿನ ಬಲೆಯನ್ನೂ ಮಾಡಿಕೊಳ್ಳುತ್ತಿದ್ದರು. 1830ರಲ್ಲಿ ಅಮೆರಿಕದ ಸರ್ಕಾರ ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಆಚೆಗೆ ಸಾಗಿಸುವ ಶಾಸನವನ್ನು ಮಾಡಿತು. 1831ರ ಒಪ್ಪಂದಗಳಲ್ಲಿ ಶಾನೀ ಜನ ಒಹಾಯೋದ ನೆಲವನ್ನು ಕಳೆದುಕೊಂಡು, ಮರುವರ್ಷ ಪಡುವಲಿಗೆ ಹೊರಟರು. ತಿಂಗಳ ಹೆಸರು ಅವರೊಡನೆ ಹೋಯಿತು. ಮರ ಹೊಳೆದಂಡೆಯಲ್ಲೇ ಉಳಿಯಿತು. ನನ್ನ ಮಗಳ ಹಿತ್ತಲು ಆ ನೆಲದ್ದೇ ಒಂದು ತುಣುಕು ಎಂದು ಓದಿದ ದಿನ ಗ್ರಂಥಾಲಯದಿಂದ ಮನೆಗೆ ನಡೆದು ಬರುವಾಗ ನನಗೆ ಮಾತೇ ಬೇಡವಾಗಿತ್ತು.

ಪಾಪಾ ಹಣ್ಣಿನ ಚರಿತ್ರೆಯ ಅತಿ ಪ್ರಸಿದ್ಧ ಅಧ್ಯಾಯ 1806ರ ಸೆಪ್ಟೆಂಬರಿನದು. ಅಧ್ಯಕ್ಷ ಜೆಫರ್ಸನ್ನರ ಆಜ್ಞೆಯಂತೆ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಸೇನಾಧಿಕಾರಿಗಳು 1804ರಲ್ಲಿ ಹೊರಟು, ಮಿಸೂರಿ ನದಿಯ ಮೇಲುಭಾಗವನ್ನೂ ಪರ್ವತಗಳನ್ನೂ ದಾಟಿ ಶಾಂತಸಾಗರವನ್ನು ಮುಟ್ಟಿ ಹಿಂದಿರುಗುತ್ತಿದ್ದರು. ಮಿಸೂರಿಯ ಕೆಳಹರಿವಿಗೆ ಬರುವ ಹೊತ್ತಿಗೆ ಅವರ ಬುತ್ತಿ ಬರಿದಾಗಿತ್ತು. ತಲೆಗೊಂದರಂತೆ ಬಿಸ್ಕತ್ತು ಉಳಿದಿತ್ತು, ಅಷ್ಟೆ. ಬೇಟೆಗೆ ನಿಂತರೆ ಮನೆ ಮುಟ್ಟುವುದು ತಡವಾಗುತ್ತದೆ. ದಂಡೆಯುದ್ದಕ್ಕೂ ಪಾಪಾ ಹಣ್ಣು ಮಾಗಿ ಉದುರುತ್ತಿತ್ತು. ಅದನ್ನೇ ಆಯ್ದು ತಿಂದು ದೋಣಿ ನಡೆಸಿದರು. ಆ ದಿನಗಳ ವಿವರವನ್ನು ಕ್ಲಾರ್ಕ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕೆಲವರಿಗೆ ಕಣ್ಣು ಊದಿ ಕೆಂಪಾಯಿತೆಂಬ ಸಂಗತಿಯೂ ಅಲ್ಲಿದೆ. ಅದು ನೀರಿನ ಮೇಲಿನ ಬಿಸಿಲ ಝಳವೋ, ಹಣ್ಣಿನ ರಸ ತಾಗಿದ ಕೈಯಿಂದ ಕಣ್ಣೊರಸಿಕೊಂಡದ್ದೋ ಎಂದು ಓದುಗರು ಇಂದಿಗೂ ಚರ್ಚಿಸುತ್ತಾರೆ. 23ನೆಯ ಸೆಪ್ಟೆಂಬರ್ ಅವರು ಸೇಂಟ್ ಲೂಯಿಸ್ ನಗರವನ್ನು ಮುಟ್ಟಿದರು. ಆ ದೇಶದ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಡುವ ಮಹಾಯಾನದ ಕೊನೆಯ ಹರದಾರಿಗಳು ಹೀಗೆ ಈ ಬಡ ಹಣ್ಣಿನ ಬಲದಿಂದ ಸಾಗಿದವು.

ಜೆಫರ್ಸನ್ನರು ತಮ್ಮ ಮಾಂಟಿಚೆಲ್ಲೊ ತೋಟದಲ್ಲಿ ಈ ಮರವನ್ನು ಬೆಳೆಸಿದ್ದರು. ತಂಪು ಮಾಡಿದ ಪಾಪಾ ಜಾರ್ಜ್ ವಾಷಿಂಗ್ಟನ್ನರಿಗೆ ಅಚ್ಚುಮೆಚ್ಚಾಗಿತ್ತೆಂಬುದು ಜನಜನಿತವಾದ ಮಾತು. ಅದನ್ನು ಐತಿಹ್ಯವೆಂದೇ ಇಟ್ಟುಕೊಳ್ಳೋಣ. ದೊಡ್ಡವರ ಊಟದ ಮೇಜಿಗಿಂತ ಈ ಹಣ್ಣಿನ ಋಣ ಹೆಚ್ಚಾಗಿದ್ದುದು ಬೇರೆಯವರ ಮೇಲೆ. ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದ ಕರಿಯ ಜನರು, ಅಳೆದು ಕೊಡುತ್ತಿದ್ದ ಪಡಿ ಸಾಲದಾದಾಗ, ಕಾಡಿಗೆ ಹೋಗಿ ಇದನ್ನು ಆಯ್ದು ತರುತ್ತಿದ್ದರು. ಕಾಡಿನ ಹಣ್ಣಿಗೆ ಯಜಮಾನನ ಲೆಕ್ಕ ಇರಲಿಲ್ಲ. ಬೆಟ್ಟಸೀಮೆಯ ಬಡ ಬಿಳಿಯರಿಗೂ ಇದೇ ಶರತ್ಕಾಲದ ಸಿಹಿ. ‘ಬಡವರ ಬಾಳೆಹಣ್ಣು’ ಎಂಬ ಅಡ್ಡಹೆಸರು ಬಂದದ್ದು ಹೀಗೆ. ಮಿಷಿಗನ್ನಿನಲ್ಲಿ, ಪಶ್ಚಿಮ ವರ್ಜೀನಿಯದಲ್ಲಿ ಪಾಪಾ ಎಂಬ ಹೆಸರಿನ ಊರುಗಳೇ ಇವೆ. ಮೇರಿಲ್ಯಾಂಡಿನಲ್ಲಿ 1850ರಲ್ಲಿ ಮುಗಿದ, ಮೂರು ಸಾವಿರ ಅಡಿಗೂ ಮಿಕ್ಕು ಉದ್ದದ ಕಾಲುವೆ ಸುರಂಗಕ್ಕೂ ಇದೇ ಹೆಸರು. ಈ ಹಣ್ಣಿನ ತೋಪನ್ನು ಕುರಿತು ಮಕ್ಕಳಾಡುವ ಹಾಡೊಂದಿದೆ. ಹಣ್ಣನ್ನು ಎಂದೂ ಕಾಣದ ಮಕ್ಕಳೂ ಅದನ್ನು ಹಾಡುತ್ತಾರೆ.

ಕಾಣದೆ ಇರುವಂತಾದದ್ದು ಏಕೆ? ಇಲ್ಲಿದೆ ಈ ಚರಿತ್ರೆಯ ಗಂಟು. 1916ರಲ್ಲಿ ಅಮೆರಿಕನ್ ಜೆನೆಟಿಕ್ ಅಸೋಸಿಯೇಷನ್ ಎಂಬ ಸಂಸ್ಥೆ ಒಂದು ಸ್ಪರ್ಧೆಯನ್ನು ಸಾರಿತು. ದೇಶದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪಾ ಮರಕ್ಕೆ 50 ಡಾಲರು, ಎಲ್ಲಕ್ಕಿಂತ ಉತ್ತಮವಾದ ಹಣ್ಣಿಗೆ 50 ಡಾಲರು. ನಾನಾ ಕಡೆಗಳಿಂದ ಹಣ್ಣುಗಳು ಬಂದವು. ಒಹಾಯೋದ ಗೃಹಿಣಿಯೊಬ್ಬರು ಕಳುಹಿಸಿದ ಹಣ್ಣು ಗೆದ್ದಿತು. ಇನ್ನೇನು, ಸೇಬಿನಂತೆ ಇದೂ ತೋಟದ ಬೆಳೆಯಾಗುತ್ತದೆ ಎಂದು ಬಲ್ಲವರು ನಂಬಿದರು. ಆಗಲಿಲ್ಲ. ಮಾಗಿದ ಪಾಪಾ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಸಿಪ್ಪೆ ತೆಳುವು, ಬೆರಳಿನ ಒತ್ತು ಬಿದ್ದಲ್ಲಿ ಕಪ್ಪಾಗುತ್ತದೆ. ಬಲಿಯುವ ಮುನ್ನ ಕಿತ್ತರೆ ಹಣ್ಣಾಗುವುದಿಲ್ಲ. ರೈಲಿಗೆ ಹತ್ತಿಸಲಾಗದ, ಅಂಗಡಿಯ ಹಲಗೆಯ ಮೇಲೆ ವಾರಗಟ್ಟಲೆ ಕುಳಿತಿರಲಾಗದ ಹಣ್ಣಿದು. ಅದೇ ಕಾಲಕ್ಕೆ ಕೆರಿಬಿಯನ್ ದ್ವೀಪಗಳಿಂದಲೂ ಮಧ್ಯ ಅಮೆರಿಕದಿಂದಲೂ ಹಬೆಹಡಗುಗಳಲ್ಲಿ ಬಾಳೆಹಣ್ಣು ರಾಶಿರಾಶಿಯಾಗಿ ಬಂದಿಳಿಯುತ್ತಿತ್ತು. ಹಸಿರಾಗಿ ಕಡಿದರೂ ಹಾದಿಯಲ್ಲಿ ಹಣ್ಣಾಗುವ ಗುಣ ಬಾಳೆಗಿದೆ. ಬಡವರ ಬಾಳೆಹಣ್ಣನ್ನು ನಿಜವಾದ ಬಾಳೆಹಣ್ಣೇ ಬಡವರ ಕೈಯಿಂದ ಜಾರಿಸಿತು. ರುಚಿಯಲ್ಲಿ ಸೋತು ಮೂಲೆಗೆ ಬಿದ್ದ ಹಣ್ಣಲ್ಲ ಇದು. ಪ್ರಯಾಣ ಮಾಡಲಾರದ್ದರಿಂದ ಮೂಲೆಗೆ ಬಿತ್ತು. ನಮ್ಮಲ್ಲೂ ನೇರಳೆ, ಕಾರೆ, ಬೋರೆ, ಕವಳಿಗಳನ್ನು ಕಾಣದೆ ಬೆಳೆದ ಪೇಟೆಯ ಮಕ್ಕಳಿದ್ದಾರೆ. ಅಂಗಡಿಯವನು ತೂಗಲಾರದ್ದನ್ನು ನಾವು ಹಣ್ಣೆಂದು ಎಣಿಸುವುದನ್ನೇ ಬಿಟ್ಟಿದ್ದೇವೆ.

ಹಾಗೆಂದು ಕಥೆ ಅಲ್ಲಿಗೆ ಮುಗಿಯಲಿಲ್ಲ. 1970ರ ದಶಕದ ನಡುವಿನಲ್ಲಿ ನೀಲ್ ಪೀಟರ್ಸನ್ ಎಂಬ ಸಸ್ಯತಳಿವಿಜ್ಞಾನದ ವಿದ್ಯಾರ್ಥಿ ಪಶ್ಚಿಮ ವರ್ಜೀನಿಯದ ಹೊಳೆದಂಡೆಯೊಂದರಲ್ಲಿ ಕಾಡು ಪಾಪಾವನ್ನು ತಿಂದ. ಕಾಡಿನಲ್ಲೇ ಇಷ್ಟು ರುಚಿಯಿದ್ದರೆ ಆರೈಕೆ ಮಾಡಿದರೆ ಹೇಗಿದ್ದೀತು ಎಂದು ಯೋಚಿಸಿದ. ಅರ್ಧ ಶತಮಾನದ ಹಿಂದೆ ಆಸಕ್ತರು ಕೂಡಿಟ್ಟಿದ್ದ ಮರಗಳೆಲ್ಲಿ ಉಳಿದಿವೆಯೆಂದು ಹಳೆಯ ಕಾಗದಪತ್ರಗಳಿಂದ ಪತ್ತೆಹಚ್ಚಿ, ಪಾಳುಬಿದ್ದ ತೋಟಗಳಿಂದ ಬೀಜ ತಂದು, ಬಿತ್ತಿ, ವರ್ಷಗಟ್ಟಲೆ ಕಾದು, ಒಳ್ಳೆಯವನ್ನಷ್ಟೇ ಆರಿಸಿದ. ಹೀಗೆ ಬಂದ ತಳಿಗಳಿಗೆ ಶೆನಂಡೋವ, ಸಸ್ಕ್ವೆಹಾನ, ಪೊಟೊಮ್ಯಾಕ್, ವಬಾಶ್ ಎಂದು ನದಿಗಳ ಹೆಸರುಗಳನ್ನಿಟ್ಟಿದ್ದಾನೆ. ಆ ನದಿಗಳ ಹೆಸರುಗಳು ಬಹುಮಟ್ಟಿಗೆ ಮೂಲನಿವಾಸಿಗಳ ಮಾತಿನಿಂದ ಬಂದವು. ಕಳೆದುಹೋದ ಹೆಸರಿಗೆ ಬದಲಾಗಿ ಇದೊಂದು ಸಣ್ಣ ಪ್ರಾಯಶ್ಚಿತ್ತವೆಂದು ನನಗೆ ತೋರಿತು. ಕೆಂಟಕಿ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ 1990ರಿಂದ ಈ ಹಣ್ಣಿನ ಸಂಶೋಧನೆ ನಡೆದುಬಂದಿದೆ. 1994ರಿಂದ ಅಸಿಮಿನ ತಳಿಗಳ ರಾಷ್ಟ್ರೀಯ ಭಂಡಾರವೂ ಅಲ್ಲಿಯೇ. ಆ ವಿದ್ಯಾಸಂಸ್ಥೆ 1886ರಲ್ಲಿ ಸ್ಥಾಪನೆಯಾದದ್ದು ಕರಿಯ ಜನರ ಶಿಕ್ಷಣಕ್ಕಾಗಿ ಎಂಬುದನ್ನು ಗಮನಿಸಬೇಕು. ಹಸಿದಾಗ ಆಯ್ದು ತಿಂದವರ ಮೊಮ್ಮಕ್ಕಳ ವಿದ್ಯಾಲಯವೇ ಹಣ್ಣನ್ನು ಕಾಪಾಡಲು ನಿಂತಿತು. ಒಹಾಯೋದಲ್ಲಿ 1999ರಿಂದ ಪಾಪಾ ಹಬ್ಬ ನಡೆಯತೊಡಗಿತು. 2009ರಲ್ಲಿ ಆ ರಾಜ್ಯ ಇದನ್ನು ತನ್ನ ಅಧಿಕೃತ ನಾಡಹಣ್ಣೆಂದು ಸಾರಿತು.

ಇಷ್ಟನ್ನು ಓದಿಕೊಂಡರೂ ಹಿತ್ತಲಿನ ಮರದ ಬಂಜೆತನಕ್ಕೆ ಕಾರಣ ನನಗೆ ಸಿಕ್ಕಿದ್ದು ಬೇಲಿಯಾಚೆಯ ಮನೆಯ ಎಂಬತ್ತರ ಹತ್ತಿರದ ಮುದುಕಿಯೊಬ್ಬರಿಂದ. ನಾನು ಮರದ ಸುತ್ತ ಸುತ್ತುವುದನ್ನು ಅವರು ನಾಲ್ಕು ದಿನ ನೋಡಿದ್ದರು. ಐದನೆಯ ದಿನ ಬೇಲಿಯ ಬಳಿ ಬಂದು, “ಅದು ಒಂಟಿ. ಒಂಟಿ ಮರ ಫಲ ಕೊಡುವುದಿಲ್ಲ” ಎಂದರು. ಪಾಪಾ ಮರ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ; ಬೀಜದಿಂದ ಬೇರೆಯಾಗಿ ಹುಟ್ಟಿದ ಇನ್ನೊಂದು ಮರದ ಪರಾಗ ಬೇಕು. ಒಂದೇ ಬೇರಿನಿಂದೆದ್ದ ಮರಿಗಳು ನೂರಿದ್ದರೂ ಅವು ಒಂದೇ ಮರದ ಲೆಕ್ಕ. ಜೇನುಹುಳು ಈ ಹೂವಿನತ್ತ ಸುಳಿಯುವುದು ಅಪರೂಪ. ನಾತಕ್ಕೆ ಮರುಳಾಗಿ ಬರುವ ನೊಣ, ದುಂಬಿಜಾತಿಯ ಹುಳುಗಳೇ ಗತಿ. ಅವೂ ನಂಬಿಕೆಯ ದೂತರಲ್ಲ. ಕೆಲವು ಬೆಳೆಗಾರರು ನೊಣಗಳನ್ನು ಕರೆಯಲು ಕೊಂಬೆಗೆ ಕೊಳೆತ ಮಾಂಸವನ್ನು ಕಟ್ಟುತ್ತಾರೆಂದು ಅವರು ಹೇಳಿದಾಗ ನನ್ನ ಮುಖ ನೋಡಿ ನಕ್ಕರು. “ನಿಮಗೆ ಅದು ಬೇಡ, ಬಣ್ಣದ ಕುಂಚ ಸಾಕು” ಎಂದರು.

ಅವರ ಹಿತ್ತಲಿನ ಕೊನೆಯಲ್ಲಿ ಹಳೆಯದೊಂದು ಪಾಪಾ ತೋಪಿತ್ತು. ನಾನು ಮೊಮ್ಮಗಳ ಚಿತ್ರದ ಕುಂಚವನ್ನು ತೆಗೆದುಕೊಂಡು ಹೋದೆ. ಈ ಹೂವಿನಲ್ಲಿ ಹೆಣ್ಣುಭಾಗ ಮೊದಲು ಪಕ್ವವಾಗುತ್ತದೆ. ಆಗ ಶಲಾಕೆಯ ತುದಿ ಹಸಿರಾಗಿ ಹೊಳೆಯುತ್ತದೆ, ಅದರ ಸುತ್ತಲಿನ ಕೇಸರದ ಉಂಡೆ ಗಟ್ಟಿಯಾಗಿರುತ್ತದೆ. ಕೆಲವು ದಿನಗಳಾದ ಮೇಲೆ ಆ ಉಂಡೆ ಕಂದುಬಣ್ಣಕ್ಕೆ ತಿರುಗಿ ಸಡಿಲಗೊಂಡು ಪರಾಗ ಉದುರುತ್ತದೆ. ಅವರ ಮರದ ಮಾಗಿದ ಹೂಗಳಿಂದ ಪರಾಗವನ್ನು ಒಂದು ಬಟ್ಟಲಿಗೆ ಕೊಡವಿ ತಂದು, ನಮ್ಮ ಮರದ ಎಳೆಯ ಹೂಗಳಿಗೆ ಕುಂಚದಿಂದ ತೀಡಿದೆ. ಮೂವತ್ತೈದು ವರ್ಷ ವ್ಯಾಕರಣದಲ್ಲಿ ಲಿಂಗವಿವೇಚನೆ ಹೇಳಿಕೊಟ್ಟವನಿಗೆ ಈ ಪ್ರಯೋಗ ಹೊಸದು. ಅಳಿಯಂದಿರು ಕಿಟಕಿಯಿಂದ ನೋಡಿ ನಗುತ್ತಿದ್ದರು. ಮಗಳು ನಗಲಿಲ್ಲ. ಏಣಿಯನ್ನು ಹಿಡಿದುಕೊಂಡಳು.

ಮೇ ಕಳೆಯುವ ಹೊತ್ತಿಗೆ ಹೂ ಬಿದ್ದ ಕಡೆಗಳಲ್ಲಿ ಹುರುಳಿಕಾಯಿಯ ತುದಿಯಂಥ ಹಸಿರು ಮಿಡಿಗಳ ಗೊಂಚಲು ಕಂಡಿತು. ಒಂದು ಹೂವಿನಲ್ಲೇ ಹಲವು ಅಂಡಾಶಯಗಳಿರುವುದರಿಂದ ಕಾಯಿಗಳು ಗೊಂಚಲಾಗಿ ಬರುತ್ತವೆ. ಜೂನಿನಲ್ಲಿ ಅರ್ಧಕ್ಕರ್ಧ ಉದುರಿದವು. ಅಂಗೈಯಗಲದ, ಒಂದು ಅಡಿಯುದ್ದದ ಎಲೆಗಳು ಮರವನ್ನು ಮುಚ್ಚಿದವು. ಆ ಎಲೆಗೆ ಜಿಂಕೆ ಬಾಯಿ ಹಾಕುವುದಿಲ್ಲ, ಅದರಲ್ಲಿ ಕಹಿಯಾದ ವಿಷವಿದೆ. ಕಪ್ಪು ಬಿಳುಪು ಪಟ್ಟೆಯ ಒಂದು ಜಾತಿಯ ಚಿಟ್ಟೆಯ ಮರಿಹುಳು ಮಾತ್ರ ಬೇರೇನನ್ನೂ ತಿನ್ನದೆ ಈ ಎಲೆಯನ್ನೇ ತಿಂದು, ಆ ವಿಷವನ್ನೇ ತನ್ನ ಕವಚ ಮಾಡಿಕೊಳ್ಳುತ್ತದೆ. ಮರ ಹೋದಲ್ಲಿ ಆ ಚಿಟ್ಟೆಯೂ ಇಲ್ಲ.

ಸೆಪ್ಟೆಂಬರಿನ ನಡುವಿನಲ್ಲಿ ಒಂದು ಬೆಳಗ್ಗೆ ಮೊಮ್ಮಗಳು ಓಡಿಬಂದು ಕರೆದಳು. ಹುಲ್ಲಿನ ಮೇಲೆ ಎರಡು ಹಣ್ಣು ಬಿದ್ದಿದ್ದವು. ಸಿಪ್ಪೆ ಹಳದಿಗೆ ತಿರುಗಿ ಅಲ್ಲಲ್ಲಿ ಕಪ್ಪು ಚುಕ್ಕೆಗಳು. ಮುಂಬಾಗಿಲಿನವರೆಗೂ ಪರಿಮಳ. ಸೀಳಿದರೆ ಹಳದಿಯ ತಿರುಳು, ಎರಡು ಸಾಲು ಕಂದು ಬೀಜ. ಸಿಪ್ಪೆ, ಬೀಜಗಳನ್ನು ತಿನ್ನಬಾರದು. ತಿರುಳೂ ಕೆಲವರಿಗೆ ಹೊಟ್ಟೆ ತೊಳಸುತ್ತದೆಯೆಂದು ಮುದುಕಿ ಮೊದಲೇ ಎಚ್ಚರಿಸಿದ್ದರು. ಚಮಚದಲ್ಲಿ ತೆಗೆದು ಬಾಯಿಗಿಟ್ಟೆ. ರಸಬಾಳೆಯೆಂದುಕೊಳ್ಳುವಷ್ಟರಲ್ಲಿ ಮಾವು, ಮಾವೆನ್ನುವಷ್ಟರಲ್ಲಿ ಸೀತಾಫಲದ ಕೆನೆ. ಕೊನೆಗೆ ಚೂರು ಕಹಿ. ಮಗಳು ಕಣ್ಣುಮುಚ್ಚಿ ತಿಂದಳು. ಬಹಳ ಹೊತ್ತಿನ ಮೇಲೆ, “ನಮ್ಮ ಮನೆಯ ಮರದ ಹಣ್ಣಿನಷ್ಟು ಚೆನ್ನಾಗಿಲ್ಲ ಅಲ್ಲವೇ ಅಪ್ಪ?” ಎಂದಳು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಆ ಮರದ ಮಾತು ಅವಳ ಬಾಯಿಂದ ಬಂದಿತ್ತು. “ನಾನು ಅದನ್ನು ಕಡಿಸಬಾರದಾಗಿತ್ತು” ಎಂದೆ. ಅವಳು ಉತ್ತರ ಹೇಳಲಿಲ್ಲ. ಇನ್ನೊಂದು ಹೋಳನ್ನು ನನ್ನ ತಟ್ಟೆಗೆ ಹಾಕಿದಳು.

ಬೀಜಗಳನ್ನು ನಾವು ಎಸೆಯಲಿಲ್ಲ. ಪಾಪಾ ಬೀಜ ಒಣಗಿದರೆ ಸಾಯುತ್ತದೆ. ಒದ್ದೆಯ ಪಾಚಿಯಲ್ಲಿ ಸುತ್ತಿ ಮೂರು ತಿಂಗಳು ತಂಗಳುಪೆಟ್ಟಿಗೆಯಲ್ಲಿಟ್ಟು, ಚಳಿಗಾಲ ಕಳೆಯಿತೆಂಬ ನಂಬಿಕೆಯನ್ನು ಅದಕ್ಕೆ ಹುಟ್ಟಿಸಬೇಕು. ಬಿತ್ತಿದ ಮೇಲೂ ಮೊದಲು ತಾಯಿಬೇರನ್ನು ಆಳಕ್ಕಿಳಿಸಿ, ವಾರಗಳಾದ ಮೇಲೆ ಮೊಳಕೆಯನ್ನು ಮೇಲಕ್ಕೆ ಕಳುಹಿಸುತ್ತದೆ. ಬೇರನ್ನು ಕದಲಿಸಿದರೆ ಸಸಿ ಉಳಿಯುವುದು ಕಷ್ಟ. ಆದ್ದರಿಂದ ಆಳವಾದ ಕುಂಡವೇ ಆಗಬೇಕು. ಮೊದಲ ಒಂದೆರಡು ವರ್ಷ ನೆರಳು, ಆಮೇಲೆ ಬಿಸಿಲು. ಕಸಿಗಿಡ ಮೂರು ನಾಲ್ಕು ವರ್ಷಕ್ಕೆ ಫಲ ಕೊಟ್ಟರೆ ಬೀಜದ ಗಿಡಕ್ಕೆ ಐದರಿಂದ ಎಂಟು ವರ್ಷ. ಮಗಳು 2019ರ ವಸಂತದಲ್ಲಿ ಬಿತ್ತಿದ ಬೀಜಗಳಲ್ಲಿ ಎರಡು ಗಿಡಗಳು ಉಳಿದುಕೊಂಡವು. ಉಯ್ಯಾಲೆಗೆ ಬೇರೆ ಜಾಗ ಸಿಕ್ಕಿತು. ಬೇಲಿಯಾಚೆಯ ಆ ಮುದುಕಿ ಈಗಿಲ್ಲ.

ನಾನು ಆ ಬೀಜಗಳನ್ನು ಮೈಸೂರಿಗೆ ತರಲಿಲ್ಲ. ಕಾನೂನು ಒಪ್ಪುವುದಿಲ್ಲ, ಒಪ್ಪಿದರೂ ಚಳಿಗಾಲದ ನಿದ್ದೆಯಿಲ್ಲದೆ ಆ ಮರ ನಮ್ಮಲ್ಲಿ ಏಳಲಾರದು. ಎಲ್ಲ ಹಣ್ಣೂ ಪರಂಗಿಯಂತೆ ಊರೂರು ಸುತ್ತಲಾರದು. ಕೆಲವನ್ನು ಅವುಗಳಿರುವಲ್ಲಿಗೇ ಹೋಗಿ, ಅವುಗಳ ತಿಂಗಳಿನಲ್ಲೇ ತಿನ್ನಬೇಕು. ಊರಿಗೆ ಹಿಂದಿರುಗಿದ ಮೇಲೆ, ಪುಸ್ತಕದ ಕೋಣೆಯ ಕಿಟಕಿಯಿಂದ ಕಾಣುವಂತೆ, ಗೋಡೆಯಿಂದ ಹತ್ತಡಿ ದೂರಕ್ಕೆ ಒಂದು ಗುಣಿ ತೋಡಿಸಿ, ಸಂತೆಯಲ್ಲಿ ಕೊಂಡ ಸೀತಾಫಲದ ಬೀಜ ಹಾಕಿದೆ. ಕಳೆದ ವರ್ಷ ಅದು ಹದಿನಾಲ್ಕು ಹಣ್ಣು ಬಿಟ್ಟಿತು. ಎಣಿಸಿ, ಮಗಳಿಗೆ ಹೇಳಿದ್ದೇನೆ.